ಪ್ಲಾಸ್ಟಿಕ್ ಸರ್ಜರಿ ನಮಗಲ್ಲ ಅಂದುಕೊಂಡು ನಾಲ್ಕು ವರ್ಷ ಕಳೆದೆವು. ನೀವು ಯಾವ ತೊಂದರೆಗೆ ಹೋಗಿದ್ದಿರಿ?

ಕೆಂಗೇರಿ ಮಾವ (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನ ಮಗಳಿಗೆ ಈಗ ಆರು ವರ್ಷ. ಒಂದೂವರೆ ವರ್ಷದವಳಿದ್ದಾಗ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಆರಲಿ ಅಂತ ನೆಲದ ಮೇಲೆ ನಿಲ್ಲಿಸಿದ್ದರು. ಮಗು ಅಂಬೆಗಾಲಿಟ್ಟು ಹೋಗಿ ಬಲಗೈಯನ್ನು ಅದಕ್ಕೆ ಊರಿಬಿಟ್ಟಿತು. ಅಕ್ಕ ಓಡಿ ಬಂದು ಕೈ ಎಳೆಯುವಷ್ಟರಲ್ಲಿ ಅಂಗೈ ಬೆಳ್ಳಗಾಗಿತ್ತು.

ಹತ್ತಿರದ ಕ್ಲಿನಿಕ್ಕಿನಲ್ಲಿ ಮುಲಾಮು ಹಚ್ಚಿದರು. ಪುಟ್ಟ ಕೈಯನ್ನು ಮುಷ್ಟಿ ಹಿಡಿದ ಹಾಗೇ ಬ್ಯಾಂಡೇಜ್ ಸುತ್ತಿ ಕಳಿಸಿದರು. ಗಾಯ ಮಾಯಲು ಐದು ವಾರ ಹಿಡಿಯಿತು. ಆಮೇಲೆ ಉಂಗುರ ಬೆರಳು, ಕಿರುಬೆರಳು ನಿಧಾನವಾಗಿ ಅಂಗೈ ಕಡೆಗೆ ಬಗ್ಗತೊಡಗಿದವು. ಬೆಳೀತಾ ಬೆಳೀತಾ ಸರಿಹೋಗುತ್ತೆ ಅಂದರು. ನಾವೂ ನಂಬಿದೆವು. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ನೀವಿದೆವು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿದೆ ಅಂದರು. ಚರ್ಮದ ಡಾಕ್ಟರು ಕಲೆಗೆ ಕ್ರೀಮ್ ಬರೆದುಕೊಟ್ಟರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ಹೇಳಿದ್ದು ಯುಕೆಜಿ ಮಿಸ್ಸು. ಪದ್ಯ ಹೇಳಿಸುವಾಗ ಎಲ್ಲ ಮಕ್ಕಳ ಚಪ್ಪಾಳೆಗೂ ಶಬ್ದ ಬರುತ್ತದೆ, ಇವಳದಕ್ಕೆ ಬರಲ್ಲ, ಪ್ಲಾಸ್ಟಿಕ್ ಸರ್ಜರಿ ಓಪಿಡಿಗೆ ತೋರಿಸಿ ಅಂದರು. ಅಕ್ಕ ನನಗೆ ಫೋನ್ ಮಾಡಿ, "ಅದೆಲ್ಲ ಸಿನಿಮಾದವರು ಮೂಗು ತಿದ್ದಿಸಿಕೊಳ್ಳೋಕೆ ಕಣೋ, ನಮಗ್ಯಾಕೆ" ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಕೊನೆಗೆ ಅಲ್ಲಿಗೇ ಹೋದೆವು. ಅಲ್ಲಿನ ಡಾಕ್ಟರಮ್ಮ ಮಗುವಿನ ಕೈ ಹಿಡಿದು ಒಂದೇ ನಿಮಿಷದಲ್ಲಿ ವಿಷಯ ಬಿಡಿಸಿ ಹೇಳಿದರು. ಸುಟ್ಟ ಕಲೆ ಹಿಗ್ಗುವುದಿಲ್ಲ. ಮಗುವಿನ ಮೂಳೆ ಬೆಳೆಯುತ್ತದೆ, ಕಲೆ ಅದರ ಜೊತೆ ಬೆಳೆಯುವುದಿಲ್ಲ. ಹಾಗಾಗಿ ವರ್ಷ ಕಳೆದ ಹಾಗೆಲ್ಲ ಬೆರಳನ್ನು ಇನ್ನಷ್ಟು ಎಳೆಯುತ್ತದೆ. ತಡ ಮಾಡಿದರೆ ಕೀಲು, ನರ, ರಕ್ತನಾಳ ಎಲ್ಲವೂ ಆ ಬಾಗಿದ ಅಳತೆಗೇ ಗಿಡ್ಡವಾಗಿಬಿಡುತ್ತವೆ. ಆಪರೇಷನ್‌ನಲ್ಲಿ ಕಲೆ ಬಿಡಿಸಿ, ಬೆರಳು ನೆಟ್ಟಗೆ ಮಾಡಿ, ತೊಡೆಸಂದಿಯಿಂದ ಪೂರ್ತಿ ದಪ್ಪದ ಚರ್ಮ ತಂದು ಹೊಲಿದರು. ಮೂರು ವಾರ ಬೆರಳಿನೊಳಗೆ ಸಣ್ಣ ತಂತಿ. ಆಮೇಲೆ ಆರು ತಿಂಗಳು ರಾತ್ರಿ ಹೊತ್ತು ಸ್ಪ್ಲಿಂಟ್, ಅಂದರೆ ಬೆರಳನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ. ಮಗು ಆ ಸ್ಪ್ಲಿಂಟಿಗೆ ಚಿಟ್ಟೆ ಸ್ಟಿಕ್ಕರ್ ಅಂಟಿಸಿಕೊಂಡಿತ್ತು.

ಈಗ ಹತ್ತು ತಿಂಗಳಾಯಿತು. ಚಪ್ಪಾಳೆಗೆ ಶಬ್ದ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಈ ವಿಭಾಗಕ್ಕೆ ನೀವು ಅಥವಾ ನಿಮ್ಮ ಮನೆಯವರು ಯಾವ ತೊಂದರೆಗೆ ಹೋಗಿದ್ದಿರಿ? ಯಾರು ದಾರಿ ತೋರಿಸಿದರು? ಬರೆಯಿರಿ. ನಮ್ಮ ಹಾಗೆ ಅಲೆಯುತ್ತಿರುವವರಿಗೆ ಬೇಗ ಗೊತ್ತಾಗಲಿ.

ನಿವೃತ್ತ ವಾರ್ಡ್ ಸಿಸ್ಟರ್ (ಶನಿವಾರ, ರಾತ್ರಿ 10:25)

ಸರ್, ಓದಿ ಕಣ್ಣು ತುಂಬಿತು. ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ 22 ವರ್ಷ ಇದ್ದೆ. ಇಂಥ ಕೈಗಳನ್ನು ಎಷ್ಟು ನೋಡಿದೆನೋ ಲೆಕ್ಕ ಇಲ್ಲ. ಕೈ ಸುಟ್ಟ ಮಗುವಿಗೆ ಬೆರಳುಗಳನ್ನು ಬಿಡಿಬಿಡಿಯಾಗಿ, ನೆಟ್ಟಗೆ ಇಟ್ಟು ಡ್ರೆಸ್ಸಿಂಗ್ ಕಟ್ಟಬೇಕು. ನೋವಾದಾಗ ಮಗು ಕೈ ಮಡಚಿಕೊಳ್ಳುತ್ತದೆ. ಅದು ಆರಾಮ ಅನ್ನಿಸುವ ಭಂಗಿ, ಆದರೆ ಚರ್ಮ ಅದೇ ಭಂಗಿಯಲ್ಲಿ ಗಟ್ಟಿಯಾಗುತ್ತದೆ. ಕತ್ತು ಸುಟ್ಟವರಿಗೆ ನಾವು ತಲೆದಿಂಬು ಕೊಡುತ್ತಿರಲಿಲ್ಲ. "ಯಾಕೆ ಸಿಸ್ಟರ್ ಇಷ್ಟು ಕಠಿಣ" ಅಂತ ಮನೆಯವರು ಬೈಯುತ್ತಿದ್ದರು. ದಿಂಬು ಕೊಟ್ಟರೆ ಗದ್ದ ಎದೆಗೆ ಅಂಟಿಕೊಳ್ಳುತ್ತದಲ್ವಾ, ಅದಕ್ಕೆ.

ಮೂರು ವಾರದಲ್ಲಿ ಮಾಯದ ಸುಟ್ಟಗಾಯ ದಪ್ಪ ಕಲೆ ಬಿಡುವುದು ಹೆಚ್ಚು. ಆದ್ದರಿಂದ ಎರಡನೇ ವಾರದಲ್ಲೇ ಪ್ಲಾಸ್ಟಿಕ್ ಸರ್ಜನ್ ನೋಡಬೇಕು. ಅಂಗೈ, ಮುಖ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಗಾಯ ಎಷ್ಟೇ ಚಿಕ್ಕದಿರಲಿ, ಮೊದಲ ದಿನವೇ ತೋರಿಸಿ. ಎಷ್ಟು ಸುಟ್ಟಿದೆ ಅಂತ ಅಂದಾಜು ಮಾಡಲು, ಗಾಯಗೊಂಡವರ ಬೆರಳು ಸೇರಿದ ಅಂಗೈ ಅಗಲವನ್ನು ಶೇ 1 ಅಂತ ಹಿಡಿಯುತ್ತೇವೆ. ಮಕ್ಕಳಿಗೆ ಶೇ 10 ದಾಟಿದರೆ ಅಡ್ಮಿಟ್ ಮಾಡಲೇಬೇಕು.

ಮನೆಯಲ್ಲಿ ಮಾಡಬೇಕಾದ್ದು ಒಂದೇ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡು 20 ನಿಮಿಷ. ಆಮೇಲೆ ಸ್ವಚ್ಛ ಬಟ್ಟೆ ಹೊದಿಸಿ ಕರೆತನ್ನಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ, ದೋಸೆ ಹಿಟ್ಟು, ಎಲ್ಲವನ್ನೂ ಗಾಯದಿಂದ ತೊಳೆದಿದ್ದೇನೆ. ತೊಳೆಯುವಾಗ ಮಗು ಕಿರುಚುವುದನ್ನು ಒಂದು ಸಲ ಕೇಳಿದರೆ ಮತ್ತೆ ಯಾರೂ ಹಚ್ಚಲ್ಲ. ಐಸ್ ಕೂಡ ಬೇಡ.

ಕರೆಂಟ್ ಹೊಡೆದಿದ್ದರೆ ಇನ್ನೂ ಜಾಗ್ರತೆ. ಮೇಲೆ ರೂಪಾಯಿ ಅಗಲದ ಗಾಯ ಕಾಣುತ್ತದೆ, ಒಳಗೆ ತೋಳಿನ ಸ್ನಾಯುವೇ ಸತ್ತಿರುತ್ತದೆ. ಮಹಡಿ ಪಕ್ಕದಲ್ಲಿ ಹೈಟೆನ್ಷನ್ ತಂತಿ ಹೋಗಿರುವ ಮನೆಗಳು ನಮ್ಮೂರಲ್ಲಿ ಕಡಿಮೆಯೇ? ಗಾಳಿಪಟ ಸಿಕ್ಕಿಕೊಂಡಿತು ಅಂತ ಕಬ್ಬಿಣದ ಸರಳು ಹಿಡಿದು ಹೋಗುವ ಹುಡುಗರನ್ನು ದಯವಿಟ್ಟು ತಡೆಯಿರಿ.

ಪೀಣ್ಯ ಎರಡನೇ ಹಂತ (ಶನಿವಾರ, ರಾತ್ರಿ 11:10)

ನಾನು ಪ್ರೆಸ್ ಶಾಪ್, ಅಂದರೆ ಯಂತ್ರದಲ್ಲಿ ತಗಡು ಒತ್ತುವ ಕಾರ್ಖಾನೆಯ ಸೂಪರ್‌ವೈಸರ್. ನಮ್ಮ ಲೈನಿನವರು ಈ ವಿಭಾಗಕ್ಕೆ ಹೋಗುವುದು ಹೆಚ್ಚಾಗಿ ಕೈ ಗಾಯಕ್ಕೆ.

ಮೊದಲನೇ ಘಟನೆ. ಪವರ್ ಪ್ರೆಸ್‌ನಲ್ಲಿ ಹೆಲ್ಪರ್ ಹುಡುಗನ ಹೆಬ್ಬೆರಳು ಹೋಯಿತು. ನಾವೆಲ್ಲ ಗಾಬರಿಯಾದೆವು. ಪಕ್ಕದ ಜ್ಯೂಸ್ ಅಂಗಡಿಯಿಂದ ಐಸ್ ತಂದು, ತುಂಡಾದ ಬೆರಳನ್ನು ನೇರವಾಗಿ ಅದರೊಳಗೆ ಹಾಕಿಕೊಂಡು ಓಡಿದೆವು. ಒಳ್ಳೆಯದು ಮಾಡುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದೆವು. ಡಾಕ್ಟರ್ ಬೆರಳು ನೋಡಿ ತಲೆಯಾಡಿಸಿದರು. ಐಸ್ ತಾಗಿ ಮಾಂಸ ಹೆಪ್ಪುಗಟ್ಟಿ ಸತ್ತಿತ್ತು. ಮತ್ತೆ ಜೋಡಿಸಲು ಆಗಲಿಲ್ಲ. ಹೆಬ್ಬೆರಳಿಲ್ಲದೆ ಹಿಡಿತವೇ ಇಲ್ಲ. ಸ್ಪ್ಯಾನರ್ ಹಿಡಿಯಕ್ಕಾಗಲ್ಲ, ಅಂಗಿ ಗುಂಡಿ ಹಾಕಿಕೊಳ್ಳಕ್ಕಾಗಲ್ಲ. ಏಳು ತಿಂಗಳ ನಂತರ ಅವನ ಕಾಲಿನ ಎರಡನೇ ಬೆರಳನ್ನು ತೆಗೆದು ಹೆಬ್ಬೆರಳಿನ ಜಾಗಕ್ಕೆ ಕೂರಿಸಿದರು. ಕೂದಲಿಗಿಂತ ಸಣ್ಣ ದಾರದಲ್ಲಿ, ಮೈಕ್ರೋಸ್ಕೋಪ್ ನೋಡಿಕೊಂಡು ರಕ್ತನಾಳ ಹೊಲಿದರಂತೆ. ಈಗ ಅವನು ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತಾನೆ, ಪೆನ್ ಹಿಡಿದು ಬರೆಯುತ್ತಾನೆ.

ಆವತ್ತೇ ನಾನು ಸರಿಯಾದ ಕ್ರಮ ಕಲಿತೆ. ತುಂಡಾದ ಭಾಗವನ್ನು ಸ್ವಚ್ಛ ನೀರಿನಲ್ಲಿ ತೊಳೆದು, ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಬೇಕು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಬೇಕು. ಆ ಕವರನ್ನು ಐಸ್ ಬೆರೆಸಿದ ನೀರಿನ ಡಬ್ಬದಲ್ಲಿ ಇಡಬೇಕು. ಬೆರಳಿಗೆ ಐಸ್ ತಾಗಬಾರದು, ಆ ಡಬ್ಬದ ನೀರೂ ತಾಗಬಾರದು. ಗಾಯದ ಜಾಗವನ್ನು ಒತ್ತಿ ಹಿಡಿದು ಕೈ ಎತ್ತರಕ್ಕೆ ಇಡಬೇಕು. ಸಮಯ ಬಹಳ ಮುಖ್ಯ. ಸ್ನಾಯು ಇರುವ ಭಾಗ, ಅಂದರೆ ಮುಂಗೈ, ತೋಳು ತುಂಡಾದರೆ ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯಬೇಕು. ಬೆರಳಿಗೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ.

ಎರಡು ವರ್ಷದ ಮೇಲೆ ಇನ್ನೊಬ್ಬನಿಗೆ ತಗಡು ಕತ್ತರಿಸುವ ಗಿಲೊಟಿನ್ ಶಿಯರ್‌ನಲ್ಲಿ ತೋರುಬೆರಳು ತುಂಡಾಯಿತು. ಈ ಸಲ ಸರಿಯಾಗಿ ತೆಗೆದುಕೊಂಡು ಹೋದೆವು. ಬೆರಳು ಉಳಿಯಿತು. ಸ್ವಲ್ಪ ಸೆಟೆದುಕೊಂಡಿದೆ, ಚಳಿಗೆ ಜುಮ್ಮೆನ್ನುತ್ತದೆ, ಆದರೆ ಅವನದೇ ಬೆರಳು. ಈ ಕ್ರಮವನ್ನು ಕನ್ನಡ, ಹಿಂದಿ ಎರಡರಲ್ಲೂ ಬರೆಸಿ ಫಸ್ಟ್ ಏಡ್ ಡಬ್ಬದ ಮೇಲೆ ಅಂಟಿಸಿದ್ದೇನೆ. ನಿಮ್ಮ ಶೆಡ್ಡಿನಲ್ಲೂ ಅಂಟಿಸಿ.

ಎಂಸಿಎಚ್ ಓದುತ್ತಿರುವವಳು (ಭಾನುವಾರ, ಬೆಳಗ್ಗೆ 7:15)

ನೈಟ್ ಡ್ಯೂಟಿ ಮುಗಿಸಿ ಓದಿದೆ. ನಾನು ಪ್ಲಾಸ್ಟಿಕ್ ಸರ್ಜರಿಯಲ್ಲೇ ತರಬೇತಿ ಪಡೆಯುತ್ತಿದ್ದೇನೆ. ಪೀಣ್ಯ ಅಣ್ಣ ಬರೆದದ್ದು ಅಕ್ಷರಶಃ ಸರಿ.

ಮೊದಲು ಹೆಸರಿನ ವಿಷಯ. ಇಲ್ಲಿ ಪ್ಲಾಸ್ಟಿಕ್ ಅಂದರೆ ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಗ್ರೀಕ್ ಭಾಷೆಯ ಒಂದು ಪದದಿಂದ ಬಂದದ್ದು, ಆಕಾರ ಕೊಡುವುದು ಅಂತ ಅರ್ಥ. ಕುಂಬಾರ ಮಣ್ಣಿಗೆ ಕೊಡುತ್ತಾನಲ್ಲ, ಹಾಗೆ. ಓಪಿಡಿಯಲ್ಲಿ ವಾರಕ್ಕೊಬ್ಬರಾದರೂ "ಒಳಗೆ ಪ್ಲಾಸ್ಟಿಕ್ ಇಡ್ತೀರಾ ಮೇಡಂ" ಅಂತ ಹೆದರಿಕೊಂಡು ಕೇಳುತ್ತಾರೆ. ಬಹಳಷ್ಟು ಆಪರೇಷನ್‌ಗಳಲ್ಲಿ ನಾವು ಬಳಸುವುದು ರೋಗಿಯದೇ ಚರ್ಮ, ಸ್ನಾಯು, ಮೂಳೆ, ನರ.

ಉಳಿದ ಬಹಳಷ್ಟು ವಿಭಾಗಗಳು ಒಂದೊಂದು ಅಂಗಕ್ಕೆ ಸೇರಿವೆ. ಹೃದಯದವರು, ಕಣ್ಣಿನವರು, ಮೂಳೆಯವರು. ನಮ್ಮದು ಹಾಗಲ್ಲ. ತಲೆಯಿಂದ ಕಾಲಿನವರೆಗೆ ಎಲ್ಲೇ ಆಗಲಿ, ಮುಚ್ಚದ ಗಾಯ, ಕಳೆದುಹೋದ ಭಾಗ, ಹುಟ್ಟುವಾಗಲೇ ಸರಿಯಾಗಿ ಕೂಡದ ಭಾಗ ಇದ್ದರೆ ನಮ್ಮ ಹತ್ತಿರ ಬರುತ್ತದೆ. ಜನರಿಗೆ ಈ ವಿಭಾಗ ನೆನಪಾಗದಿರಲು ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ನಮ್ಮ ಹೆಸರಿನಲ್ಲಿ ಯಾವ ಅಂಗವೂ ಇಲ್ಲ.

ನಿನ್ನೆ ರಾತ್ರಿ ಒಂದರಲ್ಲೇ ಬಂದವರನ್ನು ಹೇಳುತ್ತೇನೆ. ಬೈಕಿನಿಂದ ಬಿದ್ದು ದವಡೆ ಮುರಿದ ಇಬ್ಬರು. ಇಬ್ಬರದೂ ಗದ್ದ ಮುಚ್ಚದ ಅರ್ಧ ಹೆಲ್ಮೆಟ್. ಬೀದಿನಾಯಿ ಕೆನ್ನೆಗೆ ಕಚ್ಚಿದ ಐದು ವರ್ಷದ ಮಗು. ಲಾರಿ ಚಕ್ರ ಹರಿದು ಮೊಣಕಾಲಿನ ಕೆಳಗೆ ಮೂಳೆ ಕಾಣುತ್ತಿದ್ದ ಡೆಲಿವರಿ ಹುಡುಗ. ಮೂಳೆಯವರು ರಾಡ್ ಹಾಕುತ್ತಾರೆ, ಅದನ್ನು ಮುಚ್ಚಲು ಮಾಂಸ, ಚರ್ಮ ಬೇಕು. ಅಲ್ಲಿ ನಾವು. ನಾಯಿ ಕಚ್ಚಿದ ಗಾಯವನ್ನು ಮೊದಲು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ. ರೇಬಿಸ್ ಲಸಿಕೆ, ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಆದ ಮೇಲೆ ಹೊಲಿಗೆ.

ಗ್ರಾಫ್ಟ್, ಫ್ಲ್ಯಾಪ್ ಅಂತ ಎರಡು ಮಾತು ನಿಮ್ಮ ಕಿವಿಗೆ ಬೀಳುತ್ತವೆ. ಗ್ರಾಫ್ಟ್ ಅಂದರೆ ನಾಟಿ. ಮಡಿಯಿಂದ ಪೈರು ಕಿತ್ತು ಇನ್ನೊಂದು ಗದ್ದೆಯಲ್ಲಿ ನೆಟ್ಟ ಹಾಗೆ, ತೊಡೆಯಿಂದ ತೆಳು ಪದರ ತೆಗೆದು ಗಾಯದ ಮೇಲೆ ಹಾಸುತ್ತೇವೆ. ಮೊದಲ ಎರಡು ದಿನ ಅದು ಗಾಯದ ತೇವ ಹೀರಿಕೊಂಡೇ ಬದುಕುತ್ತದೆ, ಆಮೇಲೆ ಹೊಸ ರಕ್ತನಾಳ ಒಳಗೆ ಬರುತ್ತದೆ. ಆ ದಿನಗಳಲ್ಲಿ ಅಲುಗಾಡಿದರೆ ಬೇರು ಹಿಡಿಯಲ್ಲ. ಅದಕ್ಕೇ ಕೈಕಾಲು ಆಡಿಸಬೇಡಿ ಅಂತ ಗೋಗರೆಯುವುದು. ಬರೀ ಮೂಳೆ, ಬರೀ ಲೋಹದ ಮೇಲೆ ನಾಟಿ ಹಿಡಿಯುವುದಿಲ್ಲ. ಅಲ್ಲಿಗೆ ಫ್ಲ್ಯಾಪ್ ಬೇಕು. ಅಂದರೆ ತನ್ನದೇ ರಕ್ತನಾಳ ಸಮೇತ ತಂದ ಮಾಂಸ, ಚರ್ಮ.

ಬಾಯಿ ಕ್ಯಾನ್ಸರ್‌ನಲ್ಲಿ ದವಡೆ ತೆಗೆದವರಿಗೆ ಕಾಲಿನ ಸಣ್ಣ ಮೂಳೆಯನ್ನು ಹೀಗೇ ತಂದು ಹೊಸ ದವಡೆ ಮಾಡುತ್ತಾರೆ. ಆ ವಾರ್ಡಿಗೆ ಹೋದಾಗೆಲ್ಲ ಗುಟ್ಕಾ ಪೊಟ್ಟಣ ನೆನಪಾಗಿ ಹೊಟ್ಟೆ ಉರಿಯುತ್ತದೆ. ಮೂವತ್ತೆರಡು ವರ್ಷದವರು ಇರುತ್ತಾರೆ.

ಬನಶಂಕರಿ ಅಮ್ಮ (ಭಾನುವಾರ, ಬೆಳಗ್ಗೆ 9:50)

ನನ್ನ ಮಗ ಹುಟ್ಟಿದಾಗ ಮೇಲ್ತುಟಿ ಮೂಗಿನವರೆಗೆ ಸೀಳಿತ್ತು, ಅಂಗುಳವೂ ಸೀಳಿತ್ತು. ಅತ್ತೆ ಮೊದಲು ಕೇಳಿದ ಮಾತು, "ಗ್ರಹಣದ ದಿನ ಹೊರಗೆ ಹೋಗಿದ್ಯಾ? ಚಾಕು ಮುಟ್ಟಿದ್ಯಾ?" ಬಾಣಂತಿ ನಾನು. ಒಂಬತ್ತು ತಿಂಗಳನ್ನು ಒಂದೊಂದು ದಿನದಂತೆ ನೆನೆಸಿಕೊಂಡು ಅತ್ತಿದ್ದೇನೆ.

ಡಾಕ್ಟರು ಅತ್ತೆಯನ್ನೇ ಎದುರು ಕೂರಿಸಿಕೊಂಡು ಹೇಳಿದರು. ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಬಸಿರಿನ ಮೊದಲ ಎರಡು ಮೂರು ತಿಂಗಳಲ್ಲಿ ಮುಖದ ಎರಡು ಬದಿ ಬಂದು ಕೂಡಬೇಕಾದ ಹೊತ್ತಿಗೆ ಕೂಡಿರುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ನಿಮ್ಮ ಸೊಸೆ ತಪ್ಪು ಮಾಡಿಲ್ಲ ಅಂದರು. ಆಮೇಲೆ ಮನೆಯಲ್ಲಿ ಗ್ರಹಣದ ಮಾತು ಬರಲಿಲ್ಲ.

ನಮಗೆ ಜಾಸ್ತಿ ಕಷ್ಟ ಆಗಿದ್ದು ಹಾಲು ಕುಡಿಸುವುದು. ಅಂಗುಳ ಸೀಳಿದ್ದರೆ ಮಗು ಚೀಪಲು ಆಗುವುದಿಲ್ಲ, ಹಾಲು ಮೂಗಿನಿಂದ ಬರುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಹಿಂಡಿದ ಎದೆಹಾಲನ್ನು ಬೆಳ್ಳಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆ. ನಡುನಡುವೆ ತೇಗಿಸಬೇಕು. ತೂಕ ಬಂದ ಮೇಲೆ ತುಟಿ ಆಪರೇಷನ್. ಹತ್ತು ವಾರ, ಹತ್ತು ಪೌಂಡು ತೂಕ, ಹತ್ತು ಗ್ರಾಂ ಹಿಮೋಗ್ಲೋಬಿನ್ ಅಂತ ಒಂದು ಲೆಕ್ಕ ಹೇಳುತ್ತಾರೆ. ಇವನಿಗೆ ನಾಲ್ಕನೇ ತಿಂಗಳಲ್ಲಿ ತುಟಿ, ಒಂದು ವರ್ಷಕ್ಕೆ ಅಂಗುಳ ಆಯಿತು.

ತುಟಿ ಹೊಲಿದರೆ ಮುಗಿಯಿತು ಅಂತ ಬಿಡಬೇಡಿ. ಅಂಗುಳವನ್ನು ಮಾತು ಕಲಿಯುವ ವಯಸ್ಸಿನೊಳಗೆ ಮಾಡಿಸದಿದ್ದರೆ ಮಾತು ಮೂಗಿನಲ್ಲೇ ಉಳಿಯುತ್ತದೆ. ಕಿವಿಯನ್ನೂ ತೋರಿಸುತ್ತಿರಬೇಕು. ನಾವು ಎರಡು ವರ್ಷ ಸ್ಪೀಚ್ ಥೆರಪಿಗೆ ಹೋದೆವು. ಇವನಿಗೆ 'ಪ', 'ಬ' ಬರುತ್ತಿರಲಿಲ್ಲ. 'ಅಪ್ಪ' ಅನ್ನಲು 'ಅಮ್ಮ' ಅನ್ನುತ್ತಿದ್ದ. ಕನ್ನಡಿ ಮುಂದೆ ಕೂತು ಹತ್ತಿ ಉಂಡೆಯನ್ನು ಊದಿಸಿ ಊದಿಸಿ ಕಲಿಸಿದರು. ಇನ್ನು ಅವನ ಎಂಟೊಂಬತ್ತನೇ ವಯಸ್ಸಿಗೆ ಒಸಡಿಗೆ ಮೂಳೆ ತುಂಬುವ ಆಪರೇಷನ್ ಬಾಕಿ ಇದೆ.

ದುಡ್ಡಿಲ್ಲ ಅಂತ ಯಾರೂ ಸುಮ್ನೆ ಕೂರಬೇಡಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಸೀಳು ತುಟಿ ಅವರ ಪಟ್ಟಿಯಲ್ಲೇ ಇದೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಲ್ಲಿ ಉಚಿತವಾಗಿ ಮಾಡುವ ಆಸ್ಪತ್ರೆಗಳೂ ಇವೆ.

ಗಾಂಧಿಬಜಾರ್ ಅಜ್ಜಿಯ ಮೊಮ್ಮಗಳು (ಭಾನುವಾರ, ಬೆಳಗ್ಗೆ 10:30)

ನಮ್ಮಜ್ಜಿಯದು ಚಿಕ್ಕ ವಿಷಯ. ಭಾರದ ವಾಲೆ, ಝುಮಕಿ ಹಾಕಿ ಹಾಕಿ ಕಿವಿಯ ತೂತು ಉದ್ದವಾಗಿ ಕೊನೆಗೆ ಹರಿದೇ ಹೋಯಿತು. ಮದುವೆ ಮನೆಗಳಲ್ಲಿ ಕಿವಿ ಮೇಲೆ ಸೆರಗು ಎಳೆದುಕೊಂಡು ಕೂರುತ್ತಿದ್ದರು. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಲ್ಲಿ ಹೊಲಿದರು, ಅದೇ ದಿನ ಮನೆಗೆ. ಎಂಬತ್ತೊಂದನೇ ವಯಸ್ಸಿನಲ್ಲಿ ಹೊಸದಾಗಿ ಕಿವಿ ಚುಚ್ಚಿಸಿಕೊಂಡರು.

ಎಚ್‌ಎಸ್‌ಆರ್ ಲೇಔಟ್ 27 (ಭಾನುವಾರ, ಮಧ್ಯಾಹ್ನ 12:05)

ಎಲ್ಲರೂ ಗಾಯ, ಕಾಯಿಲೆ ಅಂತಲೇ ಬರೆಯುತ್ತಿದ್ದೀರಿ. ನೋಟಕ್ಕಾಗಿ ಮಾಡಿಸಿಕೊಂಡರೆ ತಪ್ಪಾ? ನಾನು ಗಂಡು, ಆದರೆ ಎದೆ ಹೆಂಗಸರ ಹಾಗೆ ಬೆಳೆದಿದೆ. ಹೈಸ್ಕೂಲಿನಿಂದ ಟೀ ಶರ್ಟ್ ಹಾಕಿಲ್ಲ, ಈಜಲು ಹೋಗಿಲ್ಲ. ಇದನ್ನು ಕೇಳಲು ನಾಚಿಕೆ ಅನ್ನಿಸುತ್ತದೆ.

ಎಂಸಿಎಚ್ ಓದುತ್ತಿರುವವಳು (ಭಾನುವಾರ, ಮಧ್ಯಾಹ್ನ 1:30)

ಖಂಡಿತ ತಪ್ಪಲ್ಲ. ನಾಚಿಕೆಯೂ ಬೇಡ, ಹುಡುಗರಲ್ಲಿ ಇದು ತುಂಬ ಸಾಮಾನ್ಯ. ಮೊದಲು ಹಾರ್ಮೋನ್ ತೊಂದರೆ, ಯಾವುದಾದರೂ ಮಾತ್ರೆ ಅಥವಾ ಜಿಮ್ ಸ್ಟೆರಾಯ್ಡ್‌ನಿಂದ ಆಗಿದೆಯಾ ನೋಡುತ್ತಾರೆ. ಏನೂ ಇಲ್ಲದಿದ್ದರೆ ಕೊಬ್ಬು ಹೀರಿ, ಗಂಟನ್ನು ಸಣ್ಣ ಗಾಯದಲ್ಲಿ ತೆಗೆಯುತ್ತಾರೆ. ಅತಿ ಭಾರದ ಸ್ತನದಿಂದ ಕುತ್ತಿಗೆ, ಬೆನ್ನು ನೋವಿರುವ ಹೆಂಗಸರೂ ಬರುತ್ತಾರೆ. ಲಿಂಗ ಪರಿವರ್ತನೆಯ ಆಪರೇಷನ್‌ಗೆ ಬರುವವರಿದ್ದಾರೆ. ಅವರ ನೋವನ್ನು ಬರೀ ಅಲಂಕಾರ ಅಂತ ನಾನು ಯಾವತ್ತೂ ಕರೆಯಲಾರೆ.

ನನ್ನ ಕಳಕಳಿ ಬೇರೆ. ಮಾಡುವವರು ಯಾರು ಅಂತ ನೋಡಿ. ಎಂಬಿಬಿಎಸ್, ಎಂಎಸ್ ಆದ ಮೇಲೆ ಮೂರು ವರ್ಷ ಓದಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಪಡೆಯುತ್ತಾರೆ. ಅದಕ್ಕೆ ಸಮನಾದ ಡಿಆರ್‌ಎನ್‌ಬಿ (ಮುಂಚೆ ಡಿಎನ್‌ಬಿ ಅನ್ನುತ್ತಿದ್ದರು) ಕೂಡ ಇದೆ. ಬರೀ "ಕಾಸ್ಮೆಟಿಕ್ ಎಕ್ಸ್‌ಪರ್ಟ್" ಅಂತ ಬೋರ್ಡ್ ಇದ್ದರೆ ಡಿಗ್ರಿ ಕೇಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಅರಿವಳಿಕೆ ಡಾಕ್ಟರ್ ಇರುತ್ತಾರಾ, ಹೆಚ್ಚು ಕಡಿಮೆಯಾದರೆ ಐಸಿಯು ಎಲ್ಲಿದೆ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮಾಡಿಸಿಕೊಳ್ಳಬೇಡಿ. ಲೈಪೋಸಕ್ಷನ್, ಅಂದರೆ ಕೊಬ್ಬು ಹೀರಿ ತೆಗೆಯುವುದು, ತೂಕ ಇಳಿಸುವ ಚಿಕಿತ್ಸೆ ಅಲ್ಲ. ಹಾಗಂತ ಹೇಳಿ ದುಡ್ಡು ಕೇಳಿದರೆ ಎದ್ದು ಬನ್ನಿ.

ಮಲ್ಲೇಶ್ವರದಿಂದ (ಭಾನುವಾರ, ಮಧ್ಯಾಹ್ನ 3:20)

ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನನಗೆ 46 ವರ್ಷ. ಸ್ತನ ಕ್ಯಾನ್ಸರ್ ಆಗಿ ಎಡಗಡೆ ಪೂರ್ತಿ ತೆಗೆಯಬೇಕು ಅಂದರು. ಜೀವ ಉಳಿದರೆ ಸಾಕು ಅಂತ ಒಪ್ಪಿಕೊಂಡೆ. ಆಮೇಲೆ ಕ್ಯಾನ್ಸರ್ ಸರ್ಜನ್ನೇ, "ಅದೇ ಆಪರೇಷನ್‌ನಲ್ಲಿ ಮತ್ತೆ ಕಟ್ಟಿಕೊಡಬಹುದು, ಪ್ಲಾಸ್ಟಿಕ್ ಸರ್ಜನ್ ಜೊತೆ ಒಂದು ಸಲ ಮಾತಾಡಿ" ಅಂದರು. ಹಾಗೊಂದು ದಾರಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಕೆಳಹೊಟ್ಟೆಯ ಕೊಬ್ಬು, ಚರ್ಮವನ್ನು ರಕ್ತನಾಳ ಸಮೇತ ತೆಗೆದು ಎದೆಗೆ ಜೋಡಿಸಿದರು. ಎಂಟು ಗಂಟೆ ಹಿಡಿಯಿತು. ಮೊದಲ ರಾತ್ರಿ ಮರೆಯುವುದಿಲ್ಲ. ಗಂಟೆಗೊಮ್ಮೆ ಸಿಸ್ಟರ್ ಬರುತ್ತಿದ್ದರು. ಟಾರ್ಚ್ ಬಿಟ್ಟು ಬಣ್ಣ ನೋಡಿ, ಬೆರಳ ಹಿಂಬದಿಯಿಂದ ಮುಟ್ಟಿ ಬೆಚ್ಚಗಿದೆಯಾ ಅಂತ ನೋಡಿ, ಪೆನ್ನಿನಂಥ ಒಂದು ಯಂತ್ರ ಒತ್ತಿ ಹಿಡಿಯುತ್ತಿದ್ದರು. ಅದರಿಂದ ಧುಸ್ ಧುಸ್ ಅಂತ ರಕ್ತ ಹರಿಯುವ ಶಬ್ದ ಬರುತ್ತಿತ್ತು. ನಿದ್ದೆಗಣ್ಣಿನಲ್ಲೂ ಆ ಶಬ್ದಕ್ಕೇ ಕಾಯುತ್ತಿದ್ದೆ.

ಎಲ್ಲರಿಗೂ ಬೇಕು ಅಂತಿಲ್ಲ. ನನ್ನ ಜೊತೆ ಇದ್ದ ಇಬ್ಬರು ಬೇಡ ಅಂದರು, ಚೆನ್ನಾಗಿದ್ದಾರೆ. ರೇಡಿಯೇಷನ್ ಕೊಡಬೇಕಿದ್ದರೆ ಆಮೇಲೆ ಮಾಡೋಣ ಅನ್ನುವುದೂ ಉಂಟು. ಆದರೆ ಆಪರೇಷನ್‌ಗೆ ಮುಂಚೆಯೇ ಕೇಳಿ. ಆಯ್ಕೆ ನಿಮ್ಮದಾಗಿರಲಿ.

ಇನ್ಷೂರೆನ್ಸ್ ಡೆಸ್ಕ್, ಜಯನಗರ (ಭಾನುವಾರ, ಸಂಜೆ 5:00)

ಮಲ್ಲೇಶ್ವರದ ಅಕ್ಕ ಬರೆದದ್ದು ನೋಡಿ ದುಡ್ಡಿನ ವಿಷಯ ಹೇಳಬೇಕು ಅನ್ನಿಸಿತು. ಆಸ್ಪತ್ರೆಯ ವಿಮೆ ಕೌಂಟರ್‌ನಲ್ಲಿ ಕೂರುತ್ತೇನೆ. "ಪ್ಲಾಸ್ಟಿಕ್ ಸರ್ಜರಿಗೆ ಇನ್ಷೂರೆನ್ಸ್ ಬರಲ್ಲ" ಅಂತ ಯಾರೋ ಹೇಳಿದ್ದನ್ನು ಕೇಳಿ ಮನೆಗೆ ವಾಪಸ್ ಹೋದವರನ್ನು ನೋಡಿದ್ದೇನೆ. ವಿಮೆ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ ಅಂತಿದೆ ನಿಜ. ಆದರೆ ಅದೇ ವಾಕ್ಯದಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮತ್ತೆ ಕಟ್ಟುವ ಆಪರೇಷನ್‌ಗೆ ವಿನಾಯಿತಿ ಇದೆ, ಅಂದರೆ ಹಣ ಸಿಗುತ್ತದೆ. ಆರೋಗ್ಯಕ್ಕೆ ನೇರ ಅಪಾಯ ಇದ್ದು ವೈದ್ಯಕೀಯವಾಗಿ ಬೇಕೇ ಬೇಕಾದಾಗಲೂ ಇದೆ. ಡಾಕ್ಟರ ಹತ್ತಿರ ಕಾರಣವನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. "ಕಲೆ ತಿದ್ದುವುದು" ಅಂತ ಬರೆದರೆ ತಿರಸ್ಕಾರ ಆಗಬಹುದು. "ಸುಟ್ಟಗಾಯದ ನಂತರ ಬೆರಳು ಬಾಗಿದೆ, ಕೈ ಕೆಲಸ ಮಾಡುತ್ತಿಲ್ಲ" ಅನ್ನುವುದು ನಿಜ ಸ್ಥಿತಿ. ಅದನ್ನೇ ಬರೆಸಿ, ಫೋಟೋ ಲಗತ್ತಿಸಿ. ತಿರಸ್ಕಾರ ಆದರೂ ಮರುಪರಿಶೀಲನೆಗೆ ಹಾಕಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆಯಿರಿ.

ಆಸಿಡ್ ದಾಳಿ ಆದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, ಮುಂದಿನ ಪ್ಲಾಸ್ಟಿಕ್ ಸರ್ಜರಿ ಸೇರಿ. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲ ಅಂದರೆ ಬರೆದುಕೊಡಿ ಅಂತ ಕೇಳಿ.

ಶ್ರೀರಂಗಪಟ್ಟಣದವನು (ಭಾನುವಾರ, ಸಂಜೆ 6:15)

ನಮ್ಮೂರಿಗೂ ಈ ವಿದ್ಯೆಗೂ ಒಂದು ನಂಟಿದೆ. 1792ರ ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಅನ್ನುವವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗು, ಒಂದು ಕೈ ಕತ್ತರಿಸಿದರು. ಒಂದು ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವೈದ್ಯ ಅವನಿಗೆ ಹೊಸ ಮೂಗು ಮಾಡಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಇಟ್ಟು ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ ಕೆಳಗೆ ತಿರುಗಿಸಿ ಹೊಲಿದನಂತೆ. ಹುಬ್ಬಿನ ನಡುವೆ ಮಾತ್ರ ಕತ್ತರಿಸದೆ ಬಿಟ್ಟ, ರಕ್ತ ಬರಲಿ ಅಂತ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರ ಸಮೇತ ಇದು ಅಚ್ಚಾಯಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ರೀತಿ ಮಾಡಿದರು. ಸುಶ್ರುತ ಸಂಹಿತೆಯಲ್ಲೂ ಮೂಗು ಕಟ್ಟುವ ಕ್ರಮ ಇದೆ. ಆ ಪುಣೆಯ ವೈದ್ಯನ ಹೆಸರು ಆ ಪತ್ರಿಕೆಯಲ್ಲಿ ಇಲ್ಲ, ಅದು ನನಗೆ ಬೇಸರ.

ವಿಜಯನಗರ 3ನೇ ಕ್ರಾಸ್ (ಭಾನುವಾರ, ಸಂಜೆ 7:40)

ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಚಪ್ಪಲಿ ಕಚ್ಚಿದ ಗಾಯ ನಾಲ್ಕು ತಿಂಗಳಾದರೂ ಮಾಯಲಿಲ್ಲ, ಪಾದ ತೆಗೆಯಬೇಕಾಗಬಹುದು ಅಂದಿದ್ದರು. ಎರಡನೇ ಅಭಿಪ್ರಾಯಕ್ಕೆ ಹೋದಾಗ ರಕ್ತನಾಳದವರು, ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಸೇರಿ ನೋಡಿದರು. ಎರಡು ಬೆರಳು ಹೋದವು, ಪಾದ ಉಳಿಯಿತು. ಮಲಗಿದಲ್ಲೇ ಇರುವವರಿಗೆ ಆಗುವ ಬೆನ್ನುಹುಣ್ಣನ್ನೂ ಇವರೇ ನೋಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದರೆ ಅಲ್ಲಿಯವರೆಗೆ ಹೋಗುವುದೇ ಬೇಡ.

ನಿವೃತ್ತ ವಾರ್ಡ್ ಸಿಸ್ಟರ್ (ಭಾನುವಾರ, ರಾತ್ರಿ 8:30)

ಒಂದು ಮಾತು ಬಿಟ್ಟುಹೋಗಿತ್ತು. ಕಣ್ಣಿನ ಹಾಗೆ ಚರ್ಮವನ್ನೂ ದಾನ ಮಾಡಬಹುದು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸಾವಿನ ನಂತರ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳು ಪದರ ತೆಗೆಯುತ್ತಾರೆ. ಮುಖ, ಕೈ ಮುಟ್ಟುವುದಿಲ್ಲ. ಬಟ್ಟೆ ಹೊದಿಸಿದರೆ ಏನೂ ಕಾಣುವುದಿಲ್ಲ. ರಕ್ತದ ಗುಂಪು ಹೊಂದಬೇಕಿಲ್ಲ. ಗ್ಲಿಸರಾಲ್‌ನಲ್ಲಿ ಐದು ವರ್ಷದವರೆಗೆ ಇಡಬಹುದು. ಅರ್ಧ ಮೈ ಸುಟ್ಟವರಿಗೆ ತಮ್ಮದೇ ಚರ್ಮ ಸಾಕಾಗುವುದಿಲ್ಲ. ಆ ಎರಡು ಮೂರು ವಾರ ದಾನದ ಚರ್ಮ ಹೊದಿಕೆಯಾಗಿ ಸೋಂಕು, ನೋವು ಎರಡನ್ನೂ ತಡೆಯುತ್ತದೆ. ನಾನು, ನಮ್ಮ ಯಜಮಾನರು ಇಬ್ಬರೂ ಮಕ್ಕಳಿಗೆ ಹೇಳಿಟ್ಟಿದ್ದೇವೆ.

ನೆಲಮಂಗಲ ತಂಗಿ (ಭಾನುವಾರ, ರಾತ್ರಿ 9:55)

ಎಲ್ಲ ಓದಿದೆ. ನಮ್ಮಣ್ಣ ಎರಡೂವರೆ ತಿಂಗಳ ಹಿಂದೆ ತುಮಕೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಭುಜದ ಮೂಳೆಗೆ ಪ್ಲೇಟ್ ಹಾಕಿದರು, ಅದು ಕೂಡಿದೆ. ಆದರೆ ಬಲ ತೋಳು ಎತ್ತಲು ಆಗುತ್ತಿಲ್ಲ, ಮೊಣಕೈ ಮಡಚಲು ಆಗುತ್ತಿಲ್ಲ. ಹೆಗಲು ಸಣ್ಣಗಾಗುತ್ತಿದೆ. ಕಾಯಿರಿ, ನರ ತಾನಾಗೇ ಬರುತ್ತದೆ ಅಂದಿದ್ದಾರೆ. ಇದೂ ಪ್ಲಾಸ್ಟಿಕ್ ಸರ್ಜರಿಗೆ ಬರುತ್ತದಾ?

ಎಂಸಿಎಚ್ ಓದುತ್ತಿರುವವಳು (ಭಾನುವಾರ, ರಾತ್ರಿ 10:10)

ಬರುತ್ತದೆ. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಗುಚ್ಛಕ್ಕೆ ಪೆಟ್ಟಾಗಿರುವಂತಿದೆ. ಬೈಕ್ ಅಪಘಾತದಲ್ಲಿ ತಲೆ ಒಂದು ಕಡೆ, ಭುಜ ಒಂದು ಕಡೆ ಎಳೆದಾಗ ಹೀಗಾಗುತ್ತದೆ. ಕೆಲವರಿಗೆ ತಾನಾಗೇ ಬರುವುದು ನಿಜ. ಆದರೆ ಮೂರು ತಿಂಗಳಾದರೂ ಚಲನೆ ಬರದಿದ್ದರೆ ಆಪರೇಷನ್ ಯೋಚಿಸಬೇಕು. ಮೂರರಿಂದ ಆರು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಅದು ಹೋಗಿ ತಲುಪುವಷ್ಟರಲ್ಲಿ ಸ್ನಾಯು ಉಳಿದಿರಬೇಕಲ್ವಾ? ಒಂದು ವರ್ಷ ದಾಟಿದರೆ ನರ ಜೋಡಿಸಿ ಪ್ರಯೋಜನ ಕಡಿಮೆ. ಅಣ್ಣನನ್ನು ಈ ವಾರವೇ ಕರೆದುಕೊಂಡು ಹೋಗಿ. ಎಲ್ಲ ಕಡೆ ಈ ನರದ ಆಪರೇಷನ್ ಮಾಡುವುದಿಲ್ಲ. ಮೊದಲೇ ಕೇಳಿಕೊಳ್ಳಿ.

ನೆಲಮಂಗಲ ತಂಗಿ (ಭಾನುವಾರ, ರಾತ್ರಿ 10:22)

ನಾಳೆಯೇ ಹೋಗುತ್ತೇವೆ ಅಕ್ಕ. ಏನೇನು ತರಬೇಕು?

ಕೆಂಗೇರಿ ಮಾವ (ಭಾನುವಾರ, ರಾತ್ರಿ 10:31)

ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಫಿಲ್ಮುಗಳು, ಎಂಆರ್‌ಐ ಮಾಡಿಸಿದ್ದರೆ ಅದರ ಸಿಡಿ, ರೇಷನ್ ಕಾರ್ಡ್, ಆಧಾರ್ ಎಲ್ಲ ಒಂದೇ ಫೈಲಿನಲ್ಲಿ ಹಾಕಿಕೊಳ್ಳಮ್ಮ. ತೋಳು ಜೋತು ಬೀಳದ ಹಾಗೆ ಪಟ್ಟಿಯಲ್ಲಿ ಹಾಕಿ ಕರೆದುಕೊಂಡು ಬಾ. ಬೆಳಗ್ಗೆ ಎಂಟಕ್ಕೆಲ್ಲ ಚೀಟಿ ಮಾಡಿಸು, ಸೋಮವಾರ ಸಾಲು ಉದ್ದ ಇರುತ್ತದೆ. ಅಣ್ಣನಿಗೆ ತಿಂಡಿ ತಿನ್ನಿಸಿಕೊಂಡೇ ಹೊರಡಿ. ಡಾಕ್ಟರು ಏನಂದರು ಅಂತ ಇಲ್ಲಿ ಬರೆ, ನಾವೆಲ್ಲ ನೋಡುತ್ತಿರುತ್ತೇವೆ.